ಗಾಡಿಗೆ ಲಿಂಬೆಹಣ್ಣು, ಒಳಗಿದ್ದವರಿಗೆ ಇಂಗ್ಲಿಷ್!

ತಮ್ಮಂದಿರೇ, ತಂಗಿಯರೇ, ಒಂದೇ ಒಂದು ಪ್ರಶ್ನೆ. ಮೊಬೈಲು ಕಿಸೆಯಲ್ಲೇ ಇರಲಿ. ಪಕ್ಕದವರ ಮುಖ ನೋಡಬೇಡಿ. ಥಟ್ಟಂತ ಉತ್ತರ ಹೇಳಿ. ನೀವು ಕುಳಿತ ಕಾರು ಕಾಲುವೆಗೆ ಬಿದ್ದಿದೆ. ಇನ್ನೂ ತೇಲುತ್ತಿದೆ, ಮೂತಿ ನಿಧಾನಕ್ಕೆ ಕೆಳಗಾಗುತ್ತಿದೆ. ಬಾಗಿಲು ತೆರೆಯುತ್ತಿಲ್ಲ. ಮೊದಲು ಏನು ಮಾಡುತ್ತೀರಿ?

ಬಾಗಿಲನ್ನೇ ಒದ್ದು ತೆಗೆಯುತ್ತೇನೆ ಅಂದಿರಾ? ಮುಂದಿನ ಗಾಜು ಒಡೆಯುತ್ತೇನೆ ಅಂದಿರಾ? ಅಣ್ಣನಿಗೆ ಫೋನ್ ಹಚ್ಚುತ್ತೇನೆ ಅಂದಿರಾ? ಮೂರೂ ತಪ್ಪು! ಈ ಪರೀಕ್ಷೆಗೆ ಸಪ್ಲಿಮೆಂಟರಿ ಇಲ್ಲ, ಗ್ರೇಸ್ ಮಾರ್ಕ್ಸೂ ಇಲ್ಲ.

ಸರಿಯುತ್ತರ ಮುಂದೆ ಬರೆದಿದ್ದೇನೆ. ಅದಕ್ಕೂ ಮೊದಲು ನನ್ನ ಎರಡನೆಯ ಪ್ರಶ್ನೆ: ಈ ಉತ್ತರ ನಿಮಗೆ ಯಾಕೆ ಗೊತ್ತಿಲ್ಲ? ನೀವೇನು ದಡ್ಡರಾ? ಡಿಗ್ರಿ ಮಾಡಿದವರು, ಕಂಪ್ಯೂಟರ್ ಕಲಿತವರು, ಬೆಂಗಳೂರಿನಲ್ಲಿ ಹಗಲು ರಾತ್ರಿ ದುಡಿಯುವವರು. ಪಿಯುಸಿಗೇ ಓದು ನಿಲ್ಲಿಸಿ ಪ್ರೆಸ್ಸಿನ ಮಸಿಯಲ್ಲಿ ಕೈ ಅದ್ದಿದ ನನಗಿಂತ ನೂರು ಪಾಲು ಹೆಚ್ಚು ತಿಳಿದವರು. ಆದರೂ ಗೊತ್ತಿಲ್ಲ. ಯಾಕೆಂದರೆ ನಿಮಗೆ ಯಾರೂ ಹೇಳಿಲ್ಲ. ಹೇಳಬೇಕಾದವರು ನಿಮ್ಮ ಭಾಷೆಯಲ್ಲಿ ಬಾಯಿ ಬಿಟ್ಟಿಲ್ಲ.

ಹೊಸ ಕಾರು ಕೊಳ್ಳುವ ದಿನ ಶೋರೂಮಿನಲ್ಲಿ ಏನೇನು ನಡೆಯುತ್ತದೆ, ನೆನಪು ಮಾಡಿಕೊಳ್ಳಿ. ಮಾರುದ್ದದ ರಟ್ಟಿನ ಬೀಗದಕೈ ಕೊಡುತ್ತಾರೆ. ಹೊದಿಸಿದ ಬಟ್ಟೆ ಸರಿಸಿ ಚಪ್ಪಾಳೆ ತಟ್ಟುತ್ತಾರೆ. ಪೇಡೆ ಹಂಚುತ್ತಾರೆ, ಫೋಟೊ ತೆಗೆಯುತ್ತಾರೆ. ಹಾಡು ಹಚ್ಚುವುದು ಹೇಗೆ, ಎ.ಸಿ. ತಿರುವುವುದು ಹೇಗೆ ಎಂದು ಹತ್ತು ನಿಮಿಷ ತೋರಿಸುತ್ತಾರೆ. ಬಾಗಿಲು ಜಾಮ್ ಆದರೆ ಹೊರಗೆ ಬರುವುದು ಹೇಗೆ ಎಂದು ಒಂದೇ ಒಂದು ನಿಮಿಷ ತೋರಿಸಿದ ಪುಣ್ಯಾತ್ಮನನ್ನು ನಾನಂತೂ ಕಂಡಿಲ್ಲ. "ಅದೆಲ್ಲಾ ಬುಕ್ಕಿನಾಗ ಐತಿ ಸರ್" ಅನ್ನುತ್ತಾರೆ. ಯಾವ ಬುಕ್ಕು? ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೀಲ ಕೂಡ ಹರಿಯದೆ ಕುಳಿತಿರುವ ಆ ದಪ್ಪ ಬುಕ್ಕು. ನನ್ನ ಕೈಗೆ ಬಂದ ಅಂಥ ಬುಕ್ಕುಗಳೆಲ್ಲ ಇಂಗ್ಲಿಷಿನವೇ. ಕಾರು ಓಡಿಸುವ ಅಪ್ಪ ಓದಿಲ್ಲ, ಹಿಂದೆ ಕೂರುವ ಅವ್ವ ಓದಲಾರಳು, ಮಕ್ಕಳಿಗೆ ಅದು ಇರುವುದೇ ಗೊತ್ತಿಲ್ಲ.

ದೇವರಿಗಿಂತ ದೊಡ್ಡವರೇ?

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡ ನಿಮ್ಮಲ್ಲಿ ಎಷ್ಟೋ ಮಂದಿಯ ಮನೆದೇವರ ಊರು. ನೌಕರಿಗೆ ಯಾವ ಊರಲ್ಲಿದ್ದರೂ ಮಹಾನವಮಿಗೆ ಮಾಲತೇಶನ ಗುಡ್ಡಕ್ಕೆ ಗಾಡಿ ತಿರುಗಿಸುತ್ತೀರಿ. ಅದೇ ದಿನ ಆಯುಧಪೂಜೆ. ಗಾಡಿ ತೊಳೆದು, ಚೆಂಡುಹೂವಿನ ಹಾರ ಹಾಕಿ, ಬಾನೆಟ್ಟಿಗೆ ಭಂಡಾರ ಹಚ್ಚಿ, ನಾಲ್ಕೂ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಹಿಚುಕುತ್ತೀರಿ. ಮಾಡಿ, ಬೇಡ ಅನ್ನುವುದಿಲ್ಲ. ನಾನೂ ನನ್ನ ಮಷೀನಿಗೆ ಹಾರ ಹಾಕುವವನೇ.

ಅದೇ ಗುಡ್ಡದಲ್ಲಿ ಅದೇ ಹಬ್ಬಕ್ಕೆ ಕಾರಣಿಕ. ಉಪವಾಸವಿದ್ದ ಗೊರವಯ್ಯ ಬಿಲ್ಲೇರಿ ನಿಲ್ಲುತ್ತಾರೆ. ಸಾವಿರಾರು ಜನ ಉಸಿರು ಬಿಗಿಹಿಡಿದು ಸುಮ್ಮನಾಗುತ್ತಾರೆ. ಒಂದೇ ಒಂದು ನುಡಿ ಬೀಳುತ್ತದೆ. ಕನ್ನಡದ ನುಡಿ! ಮಳೆಯೋ ಬೆಳೆಯೋ ರಾಜಕೀಯವೋ, ಅರ್ಥ ಹಚ್ಚುವುದು ಆಮೇಲೆ. ಆದರೆ ಆ ಮಾತು ಕುರಿ ಕಾಯುವವನ ಕಿವಿಗೂ ಬೀಳುತ್ತದೆ, ಕಲೆಕ್ಟರ್ ಕಿವಿಗೂ ಬೀಳುತ್ತದೆ. ದೇವರು ನಮ್ಮ ಜನಕ್ಕೆ ಎಚ್ಚರಿಕೆ ಕೊಡುವಾಗ ನಮ್ಮ ಮಾತಿನಲ್ಲಿ, ಒಂದೇ ಸಾಲಿನಲ್ಲಿ ಕೊಡುತ್ತಾನೆ. ಲಕ್ಷಗಟ್ಟಲೆ ದುಡ್ಡು ಎಣಿಸಿಕೊಂಡು ಗಾಡಿ ಮಾರಿದ ಕಂಪನಿ ಮಾತ್ರ ಇನ್ನೂರು ಪುಟದ ಇಂಗ್ಲಿಷಿನಲ್ಲಿ ಕೊಡುತ್ತದೆ. ಇವರೇನು ಮಾಲತೇಶನಿಗಿಂತ ದೊಡ್ಡವರೇ?

ಹತ್ತು ಚೀಲ ಸಿಮೆಂಟು

ಬಾಗಿಲು ಯಾಕೆ ತೆರೆಯುವುದಿಲ್ಲ? ದೆವ್ವ ಹಿಡಿದಿರುವುದಿಲ್ಲ, ನೀರು ಹಿಡಿದಿರುತ್ತದೆ. ಸರಳ ಲೆಕ್ಕ ನೋಡಿ. ಬಾಗಿಲು ಒಂದು ಮೀಟರ್ ಅಗಲ ಇದೆ ಅಂತಿಟ್ಟುಕೊಳ್ಳಿ. ಒಳಗೆ ನೀರಿಲ್ಲ, ಹೊರಗೆ ಬಾಗಿಲ ಬುಡದಿಂದ ಅರ್ಧ ಮೀಟರ್ ನೀರು. ಬಾಗಿಲಿನ ಮೇಲೆ ಬೀಳುವ ಒತ್ತು ಸುಮಾರು 125 ಕಿಲೊ. ನೀರು ಒಂದು ಮೀಟರ್ ಏರಿತೆಂದರೆ 500 ಕಿಲೊ. ನೀರು ಎರಡು ಪಟ್ಟು ಏರಿದರೆ ಒತ್ತು ನಾಲ್ಕು ಪಟ್ಟು! 50 ಕಿಲೊ ತೂಕದ 10 ಚೀಲ ಸಿಮೆಂಟು ಬಾಗಿಲಿಗೆ ಒರಗಿಸಿಟ್ಟ ಹಾಗೆ. ನಿಮ್ಮ ಜಿಮ್ಮಿನ ಮೈಕಟ್ಟು ಅಲ್ಲಿ ನಡೆಯುವುದಿಲ್ಲ. ಅಕಸ್ಮಾತ್ ಬಾಗಿಲು ತೆರೆದರೂ ಅಷ್ಟೂ ನೀರು ಒಂದೇ ಸಲ ಒಳನುಗ್ಗಿ ಗಾಡಿಯನ್ನು ಎಳೆದುಕೊಂಡು ಹೋಗುತ್ತದೆ.

ಒಳಗೆ ಹೊರಗೆ ನೀರು ಸಮ ಆದಮೇಲೆ ಬಾಗಿಲು ಸಲೀಸಾಗಿ ತೆರೆಯುತ್ತದೆ, ಅಲ್ಲಿಯತನಕ ಕಾಯಿರಿ ಎಂದು ಬುದ್ಧಿ ಹೇಳುವವರು ಇದ್ದಾರೆ. ಲೆಕ್ಕವೇನೋ ಸರಿ. ಆದರೆ ಆ ಹೊತ್ತಿಗೆ ನೀರು ನಿಮ್ಮ ಮೂಗು ದಾಟಿರುತ್ತದೆ, ಕತ್ತಲಾಗಿರುತ್ತದೆ, ಮಗು ಕೈತಪ್ಪಿರುತ್ತದೆ. ಅದು ಬೇರೆ ದಾರಿಯೇ ಇಲ್ಲದಾಗಿನ ಕೊನೆಯ ಪ್ರಯತ್ನ. ಮೊದಲೇ ಅದನ್ನು ನಂಬಿ ಕೂರುವಂಥದ್ದಲ್ಲ.

ಇದೆಲ್ಲ ದೂರದ ಕಥೆ ಅಂದುಕೊಳ್ಳಬೇಡಿ. 2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆ ಪಾಂಡವಪುರ ತಾಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಉರುಳಿತು. ಬಾಗಿಲಿನ ಮಗ್ಗುಲೇ ಕೆಳಗಾಯಿತು. 30 ಜನ ಹೋದರು, ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಇದ್ದರು. ಬದುಕಿ ಬಂದವರು ಬೆರಳೆಣಿಕೆಯಷ್ಟು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಮಳೆ ನೀರು ತುಂಬಿ ಕಾರು ಸಿಕ್ಕಿಬಿತ್ತು. ಒಳಗಿದ್ದ 22 ವರ್ಷದ ಹೆಣ್ಣುಮಗಳು ಜೀವ ಬಿಟ್ಟಳು. ಎಲ್ಲಿ? ವಿಧಾನಸೌಧದಿಂದ ಕೂಗಳತೆ ದೂರದಲ್ಲಿ! ಆ ಅಂಡರ್‌ಪಾಸಿನಲ್ಲಿ ನೀರು ನಿಲ್ಲಲು ಬಿಟ್ಟವರನ್ನು ಕೇಳಬೇಕಾದ್ದು ಬೇರೆಯೇ ಇದೆ, ಕೇಳೋಣ. ಆದರೆ ಅವರು ಉತ್ತರ ಕೊಡುವತನಕ ನೀವು ಉಸಿರು ಹಿಡಿದು ಕೂರಲಾಗುವುದಿಲ್ಲ. ನಮ್ಮ ಹಾವೇರಿ ಜಿಲ್ಲೆಯಲ್ಲೂ ತುಂಗಭದ್ರೆ ಇದೆ, ವರದಾ ಇದೆ, ತುಂಗಾ ಮೇಲ್ದಂಡೆಯ ಕಾಲುವೆ ಇದೆ, ಮಳೆಗಾಲದಲ್ಲಿ ಸೇತುವೆ ಮೇಲೆ ಹರಿಯುವ ಹಳ್ಳಗಳಿವೆ.

ನಾಲ್ಕೇ ಮಾತು

ಇನ್ನು ಉತ್ತರ. ಕೆನಡಾ ದೇಶದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರೊಫೆಸರು. ಜನರನ್ನು ಕೂರಿಸಿ ಗಾಡಿಗಳನ್ನು ನೀರಿಗೆ ಇಳಿಸಿ ಪರೀಕ್ಷೆ ಮಾಡಿದವರು. ಅವರು ಹೇಳುವ ಪಾಠ ನಾಲ್ಕೇ ಮಾತಿನದು. ನಮ್ಮ ಮಾತಿನಲ್ಲಿ ಹೀಗೆ ಬಾಯಿಪಾಠ ಮಾಡಿ: ಬೆಲ್ಟು, ಗಾಜು, ಮಕ್ಕಳು, ಹೊರಗೆ.

ಬೆಲ್ಟು: ಮೊದಲು ನಿಮ್ಮ ಸೀಟ್ ಬೆಲ್ಟ್ ಬಿಚ್ಚಿ. ಗಾಡಿ ತಲೆಕೆಳಗಾಗಿ ಬಿದ್ದಿದ್ದರೆ ಒಂದು ಕೈಯನ್ನು ಟಾಪಿಗೆ ಊರಿ ಮೈಭಾರ ತಡೆದು, ಇನ್ನೊಂದು ಕೈಯಿಂದ ಬಿಚ್ಚಿ. ಇಲ್ಲವಾದರೆ ಕುತ್ತಿಗೆಯ ಮೇಲೆ ಬೀಳುತ್ತೀರಿ.

ಗಾಜು: ಪಕ್ಕದ ಕಿಟಕಿ ಕೂಡಲೇ ಇಳಿಸಿ. ನೀರಿಗೆ ಬಿದ್ದ ಕೂಡಲೇ ಕರೆಂಟ್ ಕಿಟಕಿ ಸತ್ತೇ ಹೋಗುತ್ತದೆ ಅಂತೇನಿಲ್ಲ. ಮೊದಲ ಕೆಲವು ಕ್ಷಣ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ನೀರು ಗಾಜಿನ ಮಟ್ಟಕ್ಕೆ ಏರಿದ ಮೇಲೆ ಒತ್ತಿಗೆ ಗಾಜು ಬಿಗಿದುಕೊಳ್ಳುತ್ತದೆ. ನಿಮಗಿರುವುದು ಒಂದು ನಿಮಿಷ ಅಂತ ತಿಳಿಯಿರಿ. ಆ ನಿಮಿಷವನ್ನು ಫೋನಿಗೆ ಕೊಡಬೇಡಿ. 112ಕ್ಕೆ ಫೋನು ಹೊರಗೆ ಬಂದ ಮೇಲೆ.

ಮಕ್ಕಳು: ಅವರ ಬೆಲ್ಟು ಬಿಚ್ಚಿ, ನಿಮ್ಮ ಹತ್ತಿರ ಎಳೆದುಕೊಂಡು, ಕಿಟಕಿಯಿಂದ ಅವರನ್ನೇ ಮೊದಲು ಹೊರಗೆ ನೂಕಿ.

ಹೊರಗೆ: ಹಿಂದೆಯೇ ನೀವು. ಬ್ಯಾಗು, ಲ್ಯಾಪ್‌ಟಾಪು, ಚಪ್ಪಲಿ ಅಂತ ಹಿಂದಿರುಗಿ ನೋಡಿದರೆ ಮುಗಿಯಿತು.

ಕಿಟಕಿ ಇಳಿಯದಿದ್ದರೆ ಒಡೆಯಬೇಕು. ಎಲ್ಲಿ? ಮುಂದಿನ ದೊಡ್ಡ ಗಾಜಿಗೆ ಕೈ ಹಾಕಬೇಡಿ. ಅದು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು. ಬಿರುಕು ಬಿಡುತ್ತದೆ, ಬಾಯಿ ಬಿಡುವುದಿಲ್ಲ. ಪಕ್ಕದ ಮತ್ತು ಹಿಂದಿನ ಗಾಜು ಬಹುತೇಕ ಗಾಡಿಗಳಲ್ಲಿ ಹದಗಾಯಿಸಿದ ಟಫನ್ಡ್ ಗಾಜು. ನಟ್ಟನಡುವೆ ಗುದ್ದಿದರೆ ಕೈ ಮುರಿದೀತು. ಮೂಲೆಯ ಹತ್ತಿರ ಚೂಪಾದ ಗಟ್ಟಿ ಮೊನೆಯಿಂದ ಹೊಡೆದರೆ ಕಲ್ಲುಸಕ್ಕರೆಯಂತೆ ಪುಡಿಯಾಗಿ ಬೀಳುತ್ತದೆ. ಇದಕ್ಕೆಂದೇ ಮೊನಚು ಸುತ್ತಿಗೆ ಸಿಗುತ್ತದೆ, ಒತ್ತಿದರೆ ಒಳಗಿನ ಸ್ಪ್ರಿಂಗು ಹೊಡೆಯುವ ಪಂಚೂ ಸಿಗುತ್ತದೆ. ನೀರಿನೊಳಗೆ ಸುತ್ತಿಗೆ ಬೀಸಲು ಬಲ ಸಾಲದು, ಅಲ್ಲಿ ಪಂಚೇ ವಾಸಿ. ಬೆಲ್ಟು ಕೊಯ್ಯುವ ಬ್ಲೇಡು ಕೂಡ ಇದ್ದರೆ ಇನ್ನೂ ಒಳ್ಳೆಯದು. ಏನೂ ಇಲ್ಲದಿದ್ದರೆ ಸೀಟಿನ ತಲೆದಿಂಬು ಕಿತ್ತು ಅದರ ಕಬ್ಬಿಣದ ಕಾಲಿನಿಂದ ಮೂಲೆಗೆ ಹೊಡೆಯಿರಿ. ಅದನ್ನು ಗಾಜು ಒಡೆಯಲೆಂದು ಮಾಡಿಲ್ಲ, ಕೆಲವು ಗಾಡಿಗಳಲ್ಲಿ ಅದು ಕಳಚುವುದೂ ಇಲ್ಲ. ಅದನ್ನೇ ನೆಚ್ಚಿಕೊಂಡು ಸುತ್ತಿಗೆ ಕೊಳ್ಳದೆ ಇರಬೇಡಿ.

ಇನ್ನೊಂದು ಮಾತು ಗಟ್ಟಿಯಾಗಿ ಕೇಳಿ. ಈಗಿನ ಕೆಲವು ದುಬಾರಿ ಕಾರುಗಳಲ್ಲಿ, ಸದ್ದು ಕಡಿಮೆಯಾಗಲಿ ಎಂದು, ಪಕ್ಕದ ಕಿಟಕಿಗೂ ಲ್ಯಾಮಿನೇಟೆಡ್ ಗಾಜು ಹಾಕುತ್ತಾರೆ. ಅಮೆರಿಕದ ವಾಹನ ಸಂಘ 'ಎಎಎ' 2019ರಲ್ಲಿ ಇಂಥ ಆರು ಸಾಧನಗಳನ್ನು ಪರೀಕ್ಷಿಸಿತು. ಟಫನ್ಡ್ ಗಾಜನ್ನು ನಾಲ್ಕು ಒಡೆದವು. ಲ್ಯಾಮಿನೇಟೆಡ್ ಗಾಜನ್ನು ಒಂದೂ ಒಡೆಯಲಿಲ್ಲ! ಹಾಗಾದರೆ ನಿಮ್ಮ ಕಾರಿನ ಯಾವ ಗಾಜು ಎಂಥದ್ದು? ಸಾಮಾನ್ಯವಾಗಿ ಗಾಜಿನ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಕೊರೆದಿರುತ್ತಾರೆ. ಅದೂ ಇಂಗ್ಲಿಷಿನಲ್ಲಿ! ಜೀವ ಉಳಿಸುವ ಕಿಟಕಿ ಯಾವುದು ಎಂಬುದೇ ಬೂದುಗಾಜು ಹಿಡಿದು ಓದಬೇಕಾದ ಗುಟ್ಟು.

ನೀರಿಲ್ಲದೆಯೂ ಬಾಗಿಲು ಕೈಕೊಡುತ್ತದೆ. ಡಿಕ್ಕಿಯಲ್ಲಿ ಚೌಕಟ್ಟು ಸೊಟ್ಟಗಾದರೆ ಒಂದು ಬಾಗಿಲಿನ ಜೊತೆ ಜಗಳ ಆಡುತ್ತ ಕೂರಬೇಡಿ, ನಾಲ್ಕನ್ನೂ ನೋಡಿ. ಹಿಂದಿನ ಬಾಗಿಲು ಒಳಗಿನಿಂದ ಮಾತ್ರ ತೆರೆಯದಿದ್ದರೆ ಅದು ಕೆಟ್ಟಿಲ್ಲ, ಚೈಲ್ಡ್ ಲಾಕ್ ಹಾಕಿದೆ. ಮುಂದಿನ ಸೀಟಿಗೆ ದಾಟಿ. ಹಿಂದಿನ ಸೀಟು ಮಡಚುವ ಗಾಡಿಯಾದರೆ ಡಿಕ್ಕಿಯ ಕಡೆಗೂ ದಾರಿ ಇದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಆಡಲು ಹೋಗಿ ಸಿಕ್ಕಿಬೀಳುವ ಮಕ್ಕಳಿಗೆ ಎರಡು ಮಾತು ಕಲಿಸಿ: ಮುಂದಿನ ಸೀಟಿಗೆ ಬಾ, ಹಾರ್ನು ಒತ್ತು. ಬಹಳಷ್ಟು ಗಾಡಿಗಳಲ್ಲಿ ಚಾವಿ ಇಲ್ಲದಿದ್ದರೂ ಹಾರ್ನು ಕೂಗುತ್ತದೆ.

ಬೆಂಕಿಗೆ ಭಾಷೆ ಬೇಡ, ನಮಗೆ ಬೇಕು

ದೇವರಗುಡ್ಡದಿಂದ ಹೆದ್ದಾರಿಗೆ ಇಳಿದು ಹುಬ್ಬಳ್ಳಿ ಕಡೆ ಹೊರಡಿ. ಹಾವೇರಿ ದಾಟಿ ಮುಂದೆ ಹೋದರೆ ಕುಣಿಮೆಳ್ಳಿಹಳ್ಳಿ. 2013ರ ನವೆಂಬರ್ 14ರ ನಸುಕಿನಲ್ಲಿ ಬೆಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ಎ.ಸಿ. ಬಸ್ಸು ಅಲ್ಲಿ ಬಡಿದು ಹೊತ್ತಿ ಉರಿಯಿತು. 7 ಜನ ಬೆಂದುಹೋದರು. ಅದಕ್ಕೆ ಹದಿನೈದೇ ದಿನ ಮೊದಲು, ಅಕ್ಟೋಬರ್ 30ರಂದು, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಉರಿದು 45 ಜನ ಸತ್ತಿದ್ದರು. ಹನ್ನೆರಡು ವರ್ಷ ಕಳೆಯಿತು, ಏನು ಕಲಿತೆವು? 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲು ಬಳಿ ಉರಿಯಿತು. 19 ಪ್ರಯಾಣಿಕರು ಹೋದರು. ಪಾರಾದವರಲ್ಲಿ ಎಷ್ಟೋ ಜನ ಕಿಟಕಿಯ ಗಾಜು ಒಡೆದು ಹಾರಿದವರು.

ಎ.ಸಿ. ಬಸ್ಸಿನ ಕಿಟಕಿ ತೆರೆಯುವುದಿಲ್ಲ, ಅದು ಗೋಡೆ. ಆ ಗೋಡೆಯಲ್ಲಿ ಒಡೆಯಬೇಕಾದ ಕಡೆ ಒಂದು ಕೆಂಪು ಚೀಟಿ, ಪಕ್ಕದಲ್ಲಿ ಒಂದು ಸುತ್ತಿಗೆ ಇರಬೇಕು. ಸುತ್ತಿಗೆ ಇದ್ದರೆ ನಿಮ್ಮ ಪುಣ್ಯ. ಚೀಟಿಯ ಮೇಲೆ ಏನಿರುತ್ತದೆ? 'ಎಮರ್ಜೆನ್ಸಿ ಎಕ್ಸಿಟ್', 'ಬ್ರೇಕ್ ಗ್ಲಾಸ್'. ನಾನು ಹತ್ತಿದ ಖಾಸಗಿ ಬಸ್ಸುಗಳಲ್ಲಿ ಕಂಡದ್ದು ಬಹುಪಾಲು ಇಷ್ಟೇ. ಮಗಳ ಮನೆಗೆ ಬೆಂಗಳೂರಿಗೆ ಹೊರಟ ಬ್ಯಾಡಗಿಯ ಅಜ್ಜಿ, ನಡುರಾತ್ರಿ ಹೊಗೆಯಲ್ಲಿ ಕಣ್ಣುಬಿಟ್ಟು, ಇದನ್ನು ಓದಿ, ಅರ್ಥ ಮಾಡಿಕೊಂಡು, ಸುತ್ತಿಗೆ ಹುಡುಕಬೇಕು! ಆಕೆಯಿಂದ ಟಿಕೆಟಿನ ದುಡ್ಡು ಕೇಳುವಾಗ ಮಾತ್ರ ಬಸ್ಸಿನವನಿಗೆ ಸ್ವಚ್ಛ ಕನ್ನಡ ಬರುತ್ತದೆ.

ನಾನು ಲೇಬಲ್ಲು, ಪೊಟ್ಟಣದ ಚೀಟಿ ಅಚ್ಚು ಹಾಕುವವನು. ಈ ಧಂಧೆಯ ಒಳಗುಟ್ಟು ಕೇಳಿ. ಕೇಂದ್ರ ಸರ್ಕಾರದ 2011ರ ಪೊಟ್ಟಣ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇದ್ದರೆ ಸಾಕು. ಬೇರೆ ಭಾಷೆ ನಿಮ್ಮ ಇಷ್ಟ. ಬಿಸ್ಕತ್ತಿನ ಪೊಟ್ಟಣಕ್ಕೆ ಶುರುವಾದ ಈ ಉಡಾಫೆಯೇ ಗಾಡಿಯ ಬಾಗಿಲತನಕ ಬಂದಿದೆ. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2023ರಲ್ಲಿ ಜಾರಿಗೆ ಬಂತು. ಇಲ್ಲಿ ತಯಾರಾಗುವ ಸಾಮಾನಿನ ಹೆಸರು, ಬಳಸುವ ರೀತಿ ಕನ್ನಡದಲ್ಲೂ ಇರಬೇಕು ಎನ್ನುತ್ತದೆ ಅದು. ಕಾರೂ ಬಸ್ಸೂ ಎಲ್ಲೋ ಜರ್ಮನಿಯಲ್ಲಿ ಮಾತ್ರ ಹುಟ್ಟುತ್ತವೆ ಅಂದುಕೊಂಡಿರಾ? ಬಿಡದಿಯಲ್ಲಿ 1999ರಿಂದ ಕಾರು ತಯಾರಾಗುತ್ತಿದೆ. ಹೊಸಕೋಟೆಯಲ್ಲಿ ಬಸ್ಸು ತಯಾರಾಗುತ್ತದೆ. ನಮ್ಮ ಪಕ್ಕದ ಧಾರವಾಡದಲ್ಲೇ ಬಸ್ಸು ಕಟ್ಟುವ ಕಾರಖಾನೆ ಇದೆ. ನೆಲ ನಮ್ಮದು, ನೀರು ನಮ್ಮದು, ನಟ್ಟು ಬಿಗಿಯುವ ಕೈ ನಮ್ಮ ಹುಡುಗರದು. ಸಾಯುವ ಹೊತ್ತಿನಲ್ಲಿ ಓದಬೇಕಾದ ಎರಡು ಸಾಲು ಮಾತ್ರ ನಮ್ಮದಲ್ಲ!

ನಮ್ಮವರ ಕನ್ನಡಕ್ಕೂ ಒಂದು ಏಟು

ಬರೀ ಕಂಪನಿಯವರನ್ನು ಬೈದು ಮುಗಿಸಿದರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ. ಸರ್ಕಾರಿ ಬಸ್ಸಿನಲ್ಲಿ ಕನ್ನಡ ಇದೆ. ಏನಂತ? 'ತುರ್ತು ನಿರ್ಗಮನ'. ಪಂಡಿತರೇ, ಕೈ ಮುಗಿದು ಕೇಳುತ್ತೇನೆ, ಯಾರ ಮನೆಯಲ್ಲಿ 'ನಿರ್ಗಮಿಸು' ಎಂದು ಮಾತಾಡುತ್ತಾರೆ? ಬೆಂಕಿ ಬಿದ್ದಾಗ "ನಿರ್ಗಮಿಸಿರಿ, ನಿರ್ಗಮಿಸಿರಿ" ಎಂದು ಕೂಗುವವರನ್ನು ಯಾರಾದರೂ ಕಂಡಿದ್ದೀರಾ? ಇಂಗ್ಲಿಷ್ ಅರ್ಥವಾಗದವನಿಗೆ ಸಂಸ್ಕೃತ ಕೊಟ್ಟು ಕನ್ನಡ ಕೊಟ್ಟೆವು ಎಂದು ಬೆನ್ನು ತಟ್ಟಿಕೊಳ್ಳುವುದು ನಾಚಿಕೆಗೇಡು. "ಅಪಾಯವಾದರೆ ಈ ಗಾಜು ಒಡೆದು ಹೊರಗೆ ಹಾರಿ." ಆರೇ ಪದ. ಮೂರನೇ ಕ್ಲಾಸಿನ ಮಗುವೂ ಓದುತ್ತದೆ. ಓದು ಬಾರದವರಿಗಾಗಿ ಪಕ್ಕದಲ್ಲಿ ಸುತ್ತಿಗೆಯ ಚಿತ್ರ. ಕತ್ತಲಲ್ಲಿ ಹೊಳೆಯಲು ರೇಡಿಯಂ ಹಾಳೆ. ಅಕ್ಷರ ಬೆರಳುದ್ದ ದಪ್ಪ. ಎಚ್ಚರಿಕೆಯ ಕನ್ನಡ ಅಂದರೆ ಅದು.

"ಖರ್ಚು ಬರುತ್ತದೆ" ಎನ್ನುವವರಿಗೆ ಮುದ್ರಕನಾಗಿ ನನ್ನ ಉತ್ತರ: ಸಾವಿರದ ಲೆಕ್ಕದಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿದರೆ ಅಂಥದ್ದೊಂದು ಚೀಟಿಗೆ ಬೀಳುವುದು ಒಂದು ಕಪ್ ಚಹಾದ ದುಡ್ಡು. ಹಿಂದಿನ ಗಾಜಿಗೆ ದೇವರ ಹೆಸರು, ಮಗಳ ಹೆಸರು, ಜಾತಿಯ ಹೆಸರು, ಹುಲಿ ಚಿತ್ರ ಅಂಟಿಸಲು ಎಷ್ಟು ಕೇಳಿದರೂ ಕೊಟ್ಟು ಹೋಗುತ್ತೀರಲ್ಲ, ಅದರ ಮುಂದೆ ಇದು ಯಾವ ಲೆಕ್ಕ?

"ಕಾರು ಇಟ್ಟವರಿಗೆ ಇಂಗ್ಲಿಷ್ ಬರುತ್ತದೆ" ಎನ್ನುವವರಿಗೆ: ಕಾರು ಇಟ್ಟವನಿಗೆ ಬರುತ್ತದೆ, ಒಳಗೆ ಕುಳಿತವರಿಗೆ? ಬಾಡಿಗೆ ಗಾಡಿ ಓಡಿಸುವ ಡ್ರೈವರನಿಗೆ? ಹಿಂದಿನ ಸೀಟಿನಲ್ಲಿ ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಅಜ್ಜನಿಗೆ? ಇಂಗ್ಲಿಷ್ ಬಲ್ಲ ನಿಮಗೇ ಆ ಗಾಬರಿಯಲ್ಲಿ ತಲೆ ಓಡುವುದು ತಾಯಿಮಾತಿನಲ್ಲಿ. "ಅವ್ವಾ" ಎಂದು ಕೂಗುವ ಬಾಯಿಗೆ ಮ್ಯಾನ್ಯುಯಲ್ಲು ನೆನಪಾಗುವುದಿಲ್ಲ.

"ಹಣೆಬರಹ ಇದ್ದಂಗಾಗ್ತದ" ಎನ್ನುವವರಿಗೆ: 2024ರ ಜೂನ್ 28ರಂದು ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಬಳಿ ದೇವರಿಗೆ ಹೋಗಿ ಬರುತ್ತಿದ್ದವರ ಟಿ.ಟಿ. ನಿಂತ ಲಾರಿಗೆ ಬಡಿದು 13 ಜನ ಹೋದರು. ಅಂಥ ಹೊಡೆತದ ಮುಂದೆ ಯಾವ ಸುತ್ತಿಗೆಯೂ ನಿಲ್ಲದು, ಒಪ್ಪುತ್ತೇನೆ. ಆದರೆ ಹೊಡೆತ ತಿಂದೂ ಬದುಕಿ, ಕೈಕಾಲು ನೆಟ್ಟಗಿದ್ದು, ದಾರಿ ಗೊತ್ತಿಲ್ಲದೆ ಒಳಗೇ ಉಸಿರು ಕಟ್ಟಿ ಸಾಯುವುದು ಹಣೆಬರಹ ಅಲ್ಲ. ಹಣೆಯ ಮೇಲೆ ಬರೆದದ್ದನ್ನು ಅಳಿಸಲಾರೆವು. ಗಾಜಿನ ಮೇಲೆ ಬರೆಯಬೇಕಾದ್ದನ್ನು ಬರೆಯಬಲ್ಲೆವು.

ಏನು ಮಾಡೋಣ?

ಕಪ್ಪು ಮಸಿ ಡಬ್ಬಿ ಹಿಡಿದು ಇಂಗ್ಲಿಷ್ ಬೋರ್ಡಿಗೆ ಬಳಿಯುವುದು ಒಂದು ದಿನದ ಕೆಲಸ. ಇದು ದಿನನಿತ್ಯದ್ದು. ಕಾರು ಕೊಳ್ಳುವಾಗ ಶೋರೂಮಿನವನಿಗೆ ಹೇಳಿ: ಕನ್ನಡದ ಕೈಪಿಡಿ ಕೊಡು, ಬಾಗಿಲು ಜಾಮ್ ಆದರೆ ಹೊರಬರುವ ದಾರಿ ತೋರಿಸು, ಅಲ್ಲಿಯತನಕ ಆ ರಟ್ಟಿನ ಬೀಗದಕೈ ನಿನ್ನ ಹತ್ತಿರವೇ ಇರಲಿ. ಖಾಸಗಿ ಬಸ್ಸು ಹತ್ತಿದ ಕೂಡಲೇ ಸುತ್ತಿಗೆ ಎಲ್ಲಿದೆ, ಒಡೆಯುವ ಗಾಜು ಯಾವುದು, ಹಿಂದಿನ ದಾರಿ ಎಲ್ಲಿ ಎಂದು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ, ಕನ್ನಡದಲ್ಲೇ ಕೇಳಿ. ಸುತ್ತಿಗೆ ಇಲ್ಲದಿದ್ದರೆ ಫೋಟೊ ತೆಗೆದು ಆರ್.ಟಿ.ಓ. ಕಚೇರಿಗೆ ಕನ್ನಡದಲ್ಲಿ ದೂರು ಬರೆದು ಸಹಿ ಹಾಕಿ. ಸಾರಿಗೆ ಇಲಾಖೆಯವರಿಗೆ ನಮ್ಮ ಬೇಡಿಕೆ ಎರಡೇ: ಕರ್ನಾಟಕದಲ್ಲಿ ಫಿಟ್‌ನೆಸ್ ಸರ್ಟಿಫಿಕೇಟ್ ಪಡೆಯುವ ಪ್ರತಿ ಬಸ್ಸಿನಲ್ಲೂ ಹೊರಬರುವ ದಾರಿಯ ಚೀಟಿ ಆಡುಗನ್ನಡದಲ್ಲಿ ಇರಬೇಕು. ಲೈಸೆನ್ಸಿಗೆ ಬರುವ ಪ್ರತಿಯೊಬ್ಬರೂ ಬೆಲ್ಟು, ಗಾಜು, ಮಕ್ಕಳು, ಹೊರಗೆ ಎಂಬ ನಾಲ್ಕು ಮಾತನ್ನು ಕನ್ನಡದಲ್ಲಿ ಹೇಳಿಯೇ ಹೋಗಬೇಕು.

ಇಲಾಖೆ ಏಳಲು ಹೊತ್ತಾಗುತ್ತದೆ. ನೀವು ಇವತ್ತೇ ಏಳಿ. ಸಂಜೆ ಮನೆಮಂದಿಯನ್ನೆಲ್ಲ ನಿಂತ ಗಾಡಿಯೊಳಗೆ ಕೂರಿಸಿ. ಅವ್ವನ ಕೈಯಿಂದಲೇ ಬೆಲ್ಟು ಬಿಚ್ಚಿಸಿ. ಮಗುವಿನ ಕೈಯಿಂದ ಒಳಗಿನ ಲಾಕು ತೆಗೆಸಿ. ಚೈಲ್ಡ್ ಲಾಕ್ ಎಲ್ಲಿದೆ, ಗಾಜಿನ ಮೂಲೆಯಲ್ಲಿ ಏನು ಕೊರೆದಿದೆ, ನೋಡಿ ಎಲ್ಲರಿಗೂ ತಿಳಿಸಿ. ಸುತ್ತಿಗೆಯನ್ನು ಡಿಕ್ಕಿಯಲ್ಲಿ ಹೂಳಬೇಡಿ, ಡ್ರೈವರನ ಕೈಗೆಟುಕುವಂತೆ ಕಟ್ಟಿ. ಮುಂದಿನ ಮಹಾನವಮಿಗೆ ದೇವರಗುಡ್ಡಕ್ಕೆ ಬರುವಾಗ ಹೊರಗೆ ಹೂವಿನ ಹಾರ ಇರಲಿ, ಒಳಗೆ ಆ ಸುತ್ತಿಗೆ ಇರಲಿ, ಗಾಜಿನ ಮೂಲೆಯಲ್ಲಿ ಕನ್ನಡದ ಆ ಒಂದು ಸಾಲು ಇರಲಿ. ಚೀಟಿ ಅಂಟಿಸಿದ ಗಾಡಿಗಳನ್ನು ಗುಡ್ಡದ ಬುಡದಲ್ಲಿ ನಿಂತು ನಾನೇ ಎಣಿಸುತ್ತೇನೆ.